ಕನ್ನಡಕದ ನಂಬರ್ ಹೇಳದ ಸಂಗತಿಗಳು

ನಿವೃತ್ತ ಮುಖ್ಯೋಪಾಧ್ಯಾಯರಾದ ನನ್ನ ತಂದೆ ಎಂಬತ್ತರ ಸಮೀಪದಲ್ಲೂ ದಿನಪತ್ರಿಕೆಯನ್ನು ಅಕ್ಷರ ಬಿಡದೆ ಓದುತ್ತಿದ್ದರು. ಹಾಗಾಗಿ ಅವರ ಕಣ್ಣಿನ ಬಗ್ಗೆ ಮನೆಯಲ್ಲಿ ಯಾರಿಗೂ ಸಂಶಯವಿರಲಿಲ್ಲ. ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುವುದು, ಪಕ್ಕದಲ್ಲಿಟ್ಟ ಕಾಫಿ ಲೋಟ ಉರುಳಿಸುವುದು ಹೆಚ್ಚಾದಾಗ ವಯಸ್ಸನ್ನು ದೂರಿದೆವು. ಎರಡು ವರ್ಷಗಳಲ್ಲಿ ಮೂರು ಸಲ ಕನ್ನಡಕದ ನಂಬರ್ ಬದಲಾಯಿತು. ಕೊನೆಗೊಮ್ಮೆ ನೇತ್ರತಜ್ಞರು ಪಾಪೆ ಹಿಗ್ಗಿಸಿ ಕಣ್ಣಿನ ಒಳಭಾಗವನ್ನು ನೋಡಿದಾಗ ಅದು ಗ್ಲಾಕೋಮಾ ಎಂದು ತಿಳಿಯಿತು. ಎರಡೂ ಕಣ್ಣುಗಳ ಪಕ್ಕದ ನೋಟ ಬಹುಪಾಲು ಹೋಗಿತ್ತು. ಹೋದದ್ದು ಮರಳುವುದಿಲ್ಲ ಎಂದರು.

ಈ ರೋಗದ ಸಾಮಾನ್ಯ ಬಗೆಯಲ್ಲಿ ನೋವಿಲ್ಲ, ಕೆಂಪಿಲ್ಲ. ದೃಷ್ಟಿನರ ನಿಧಾನವಾಗಿ ಸವೆಯುತ್ತದೆ. ಅಂಚಿನ ನೋಟ ಮೊದಲು ಅಳಿದು, ನಟ್ಟನಡುವಿನ ನೋಟ ಬಹುಕಾಲ ಉಳಿಯುತ್ತದೆ. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ತುಂಬಿಕೊಡುವುದರಿಂದ ರೋಗಿಗೇ ಅರಿವಾಗದು. ಡಚ್ ವೈದ್ಯ ಸ್ನೆಲೆನ್ 1862ರಲ್ಲಿ ರೂಪಿಸಿದ ಅಕ್ಷರಫಲಕವನ್ನು ಇಂದಿಗೂ ಎಲ್ಲೆಡೆ ಬಳಸುತ್ತಾರೆ. ಅದು ಉತ್ತರಿಸುವುದು ಒಂದೇ ಪ್ರಶ್ನೆಗೆ: ನೇರ ಎದುರಿನದು ಎಷ್ಟು ಸ್ಪಷ್ಟ? ಸಮಗ್ರ ತಪಾಸಣೆಯಲ್ಲಾದರೋ ಕಣ್ಣಿನ ಒತ್ತಡವನ್ನು ಅಳೆಯುತ್ತಾರೆ, ಮಸೂರವನ್ನು ಪರೀಕ್ಷಿಸುತ್ತಾರೆ, ಹನಿ ಹಾಕಿ ಅಕ್ಷಿಪಟಲ ಮತ್ತು ದೃಷ್ಟಿನರವನ್ನು ನೋಡುತ್ತಾರೆ, ಅನುಮಾನವಿದ್ದರೆ ನೋಟದ ವ್ಯಾಪ್ತಿಯನ್ನೂ ಗುರುತಿಸುತ್ತಾರೆ. ಹನಿ ಹಾಕಿದ ಮೇಲೆ ಕೆಲವು ಗಂಟೆ ಎಲ್ಲವೂ ಮಸುಕು, ಗಾಡಿ ಓಡಿಸುವಂತಿಲ್ಲ. ಈ ಅರ್ಧ ದಿನದ ರಜೆಯೇ ನಮ್ಮಲ್ಲಿ ಅನೇಕರಿಗೆ ದುಬಾರಿ ಎನಿಸುತ್ತದೆ.

ಇದಕ್ಕೆ ಇನ್ನೊಂದು ಕಾರಣವೂ ಇದ್ದೀತು. ಡಾ. ಎಂ.ಸಿ. ಮೋದಿಯವರ ಬೃಹತ್ ಶಿಬಿರಗಳನ್ನು ಕಂಡ ನಾಡು ಇದು. ಪೊರೆ ತೆಗೆದೊಡನೆ ಕತ್ತಲು ಸರಿದು ಬೆಳಕು ಬಂದದ್ದನ್ನು ಊರೂರುಗಳು ನೋಡಿವೆ. ಆ ಪುಣ್ಯಕಾರ್ಯದ ನೆನಪು ನಮಗೆ ತಿಳಿಯದಂತೆಯೇ ಒಂದು ಭ್ರಮೆಯನ್ನೂ ಉಳಿಸಿದೆ: ಕಾಣದಾದಾಗ ಹೋದರಾಯಿತು, ಶಸ್ತ್ರಚಿಕಿತ್ಸೆ ಇದ್ದೇ ಇದೆ. ಪೊರೆಯ ಮಟ್ಟಿಗೆ ಇದು ಬಹುತೇಕ ನಿಜ. ಗ್ಲಾಕೋಮಾಕ್ಕೆ ಸಲ್ಲದು, ಸಕ್ಕರೆ ಕಾಯಿಲೆಯಿಂದ ಕೆಟ್ಟ ಅಕ್ಷಿಪಟಲಕ್ಕೂ ಎಷ್ಟೋ ಸಲ ಸಲ್ಲದು. ವಯಸ್ಕರಲ್ಲಿ ಸಾಮಾನ್ಯವಾಗಿ ಕಾಣುವ ಎರಡನೆಯ ಬಗೆಯ ಮಧುಮೇಹ ಪತ್ತೆಯಾದಾಗಲೇ ಕಣ್ಣಿನ ತಪಾಸಣೆಯಾಗಬೇಕು, ಆಮೇಲೆ ವರ್ಷಕ್ಕೊಮ್ಮೆ. ಸಕ್ಕರೆ ಹಿಡಿತದಲ್ಲಿದೆ ಎಂಬ ಲ್ಯಾಬ್ ಚೀಟಿ ಇದಕ್ಕೆ ಬದಲಿಯಲ್ಲ.

ಮಕ್ಕಳ ಕಥೆ ಬೇರೆ. ಒಂದು ಕಣ್ಣು ಮಂದವಾಗಿರುವ ಮಗು ದೂರುವುದಿಲ್ಲ, ಏಕೆಂದರೆ ಇತರರಿಗೆ ಹೇಗೆ ಕಾಣುತ್ತದೆಂದು ಅದಕ್ಕೆ ಗೊತ್ತಿಲ್ಲ. ಮೆದುಳು ಆ ಕಣ್ಣನ್ನು ಕ್ರಮೇಣ ಕಡೆಗಣಿಸುತ್ತದೆ. ಏಳೆಂಟು ವರ್ಷದೊಳಗೆ ಕನ್ನಡಕ, ಪಟ್ಟಿಗಳಿಂದ ಸರಿಪಡಿಸಬಹುದಾದದ್ದು ಆಮೇಲೆ ಕಠಿಣ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗಂತೂ ವಾರಗಳೇ ಲೆಕ್ಕ. ಎರಡು ಕಿಲೋಗಿಂತ ಕಡಿಮೆ ತೂಕವಿದ್ದರೆ ಅಥವಾ 34 ವಾರಕ್ಕೆ ಮೊದಲೇ ಜನಿಸಿದ್ದರೆ 30 ದಿನದೊಳಗೆ ಅಕ್ಷಿಪಟಲ ನೋಡಿಸಬೇಕು. ಕರ್ನಾಟಕದಲ್ಲಿ 2008ರಲ್ಲಿ ಆರಂಭವಾದ ‘ಕಿಡ್‌ರಾಪ್’ ಕಾರ್ಯಕ್ರಮದಡಿ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಶಿಶು ಘಟಕಗಳಿಗೇ ಹೋಗಿ, ಕಣ್ಣಿನ ಚಿತ್ರಗಳನ್ನು ದೂರದ ತಜ್ಞರಿಗೆ ಕಳುಹಿಸತೊಡಗಿದ್ದು ಇದಕ್ಕಾಗಿಯೇ.

ನಲವತ್ತಕ್ಕೆ ಚಾಳೀಸು ಬಂದಾಗ ನಾವು ಕನ್ನಡಕದ ಅಂಗಡಿಗೆ ಹೇಗೂ ಹೋಗುತ್ತೇವೆ. ಆ ನೆಪದಲ್ಲೇ ಒಮ್ಮೆ ವೈದ್ಯರಲ್ಲಿಗೂ ಹೋಗಿ, ಮುಂದೆ ಅವರು ಹೇಳಿದ ಅಂತರದಲ್ಲಿ ತಪಾಸಣೆ ಮಾಡಿಸಿಕೊಳ್ಳಬಹುದು. ಅರವತ್ತೈದು ದಾಟಿದವರಿಗೆ ಆ ಅಂತರ ಎರಡು ವರ್ಷ ಮೀರದಿರುವುದು ಒಳ್ಳೆಯದು.

ಗ್ಲಾಕೋಮಾ ಇರುವವರ ಮಕ್ಕಳಿಗೂ ಒಡಹುಟ್ಟಿದವರಿಗೂ ಅಪಾಯ ಹೆಚ್ಚು ಎಂದು ತಂದೆಯವರ ವೈದ್ಯರು ಎಚ್ಚರಿಸಿದ್ದರಿಂದ ನಾನೂ ತೋರಿಸಿಕೊಂಡೆ. ಫಲಕದ ಕೊನೆಯ ಸಾಲನ್ನು ಸಲೀಸಾಗಿ ಓದಿದೆ. ಆದರೆ ಸಾಮಾನ್ಯವಾಗಿ 21ರೊಳಗಿರಬೇಕಾದ ಒತ್ತಡ ಬಲಗಣ್ಣಿನಲ್ಲಿ 27 ಇತ್ತು. ಈಗ ರಾತ್ರಿ ಮಲಗುವ ಮುನ್ನ ಅಪ್ಪನಿಗೊಂದು ಹನಿ, ನನಗೊಂದು ಹನಿ. ಹುಬ್ಬಳ್ಳಿಯಲ್ಲಿರುವ ತಮ್ಮನಿಗೆ ಮೂರು ಬಾರಿ ಹೇಳಿದ್ದೇನೆ. ‘ನನಗೆ ಚೆನ್ನಾಗಿಯೇ ಕಾಣುತ್ತದಲ್ಲ, ಅಣ್ಣಾ’ ಎನ್ನುತ್ತಾನೆ.