ಗ್ಯಾಲರಿ ಒಳಗೆ ಹೋದ್ರೆ ದುಡ್ಡು ಕೇಳ್ತಾರಾ? ಬೆಂಗಳೂರಿಗೆ ಮಾಲು ತರಲು ಹೋಗುವವರಿಗೆ ಒಂದಿಷ್ಟು ಮಾಹಿತಿ

ತುಮಕೂರು: ಗುಬ್ಬಿ, ತಿಪಟೂರು ಕಡೆಯ ಅಂಗಡಿಯವರು ಬೆಳಗಿನ ರೈಲು ಹಿಡಿದು ಚಿಕ್ಕಪೇಟೆಗೆ ಹೋಗಿ, ಮಾಲು ನೋಡಿ, ಪಾರ್ಸೆಲ್ ಹಾಕಿಸಿ ಸಂಜೆ ವಾಪಸ್ ಬರೋದು ಹೊಸದೇನಲ್ಲ. ಬಿಲ್ ಆದ ಮೇಲೆ ರೈಲಿನ ತನಕ ಎರಡು ಮೂರು ಗಂಟೆ ಉಳಿಯುತ್ತದೆ. ಜೊತೆಗೆ ಮಕ್ಕಳಿದ್ದರೆ ಮಾಲ್‌ಗೆ ಕರ್ಕೊಂಡು ಹೋಗಿ ಎಸ್ಕಲೇಟರ್ ಹತ್ತಿಸಿ ಇಳಿಸೋದೇ ಹೆಚ್ಚು. ಅದೇ ಊರಲ್ಲಿ ಪುಕ್ಕಟೆ ನೋಡಬಹುದಾದ ಸಣ್ಣ ಸಣ್ಣ ಕಲಾ ಗ್ಯಾಲರಿಗಳಿವೆ. ಆದರೆ 'ಇದು ನಮ್ಮಂಥವರ ಜಾಗ ಅಲ್ಲ' ಅಂದುಕೊಂಡು ಬಾಗಿಲ ತನಕ ಹೋದವರೂ ತಿರುಗಿ ಬರುತ್ತಾರೆ. ಆ ಸಂಕೋಚ ಬಿಡಲು ಬೇಕಾದಷ್ಟು ವಿವರ ಇಲ್ಲಿದೆ.

ಎಲ್ಲಿವೆ?

ಶಾಂತಿನಗರದ ಶಾಂತಿ ರಸ್ತೆಯಲ್ಲಿ 'ಒನ್ ಶಾಂತಿ ರೋಡ್' ಅನ್ನೋ ಜಾಗ ಇದೆ. ಕಲಾ ಇತಿಹಾಸಕಾರ ಸುರೇಶ್ ಜಯರಾಮ್ 2003ರಲ್ಲಿ ಶುರು ಮಾಡಿದ್ದು. ಮನೆ, ಸ್ಟುಡಿಯೊ, ಗ್ಯಾಲರಿ ಎಲ್ಲಾ ಒಂದೇ ಕಟ್ಟಡದಲ್ಲಿದೆ. ಬೇರೆ ಊರು, ಬೇರೆ ದೇಶದ ಕಲಾವಿದರು ಬಂದು ಉಳಿದು, ಕೆಲಸ ಮಾಡಿ, ಅಲ್ಲೇ ತೋರಿಸುತ್ತಾರೆ. 1996ರಲ್ಲಿ ಆರಂಭವಾದ ಸುಮುಖ ಗ್ಯಾಲರಿ ಪಕ್ಕದ ವಿಲ್ಸನ್ ಗಾರ್ಡನ್‌ನಲ್ಲಿದೆ. ಮೆಜೆಸ್ಟಿಕ್‌ನಿಂದ ಶಾಂತಿನಗರಕ್ಕೆ ಬಸ್ ಬೇಕಾದಷ್ಟಿವೆ.

ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನಲ್ಲಿ ಕಲಾವಿದರು ಕೆಲವು ದಿನಕ್ಕೆ ಬಾಡಿಗೆಗೆ ತಗೊಳ್ಳೋ ಗ್ಯಾಲರಿಗಳಿವೆ. ಹಾಗಾಗಿ ಒಮ್ಮೆ ನೋಡಿದ್ದು ಮುಂದಿನ ಸಲ ಇರಲ್ಲ.

ಟಿಕೆಟ್ ಎಷ್ಟು?

ಇಂಥ ಸಣ್ಣ ಗ್ಯಾಲರಿಗಳಲ್ಲಿ ಸಾಮಾನ್ಯವಾಗಿ ಪ್ರವೇಶ ಉಚಿತ. ಏನೂ ಕೊಳ್ಳದೆ ಬಂದರೂ ಯಾರೂ ಮುಖ ಸಿಂಡರಿಸಲ್ಲ, ನೋಡಲಿ ಅಂತಲೇ ಇಟ್ಟಿರೋದು. ಒಂದು ಎಚ್ಚರಿಕೆ ಇರಲಿ: ಎರಡು ಪ್ರದರ್ಶನಗಳ ನಡುವೆ ಬಾಗಿಲು ಹಾಕಿರುತ್ತಾರೆ, ಭಾನುವಾರ ಅಥವಾ ಸೋಮವಾರ ರಜೆ ಇರುವುದೂ ಉಂಟು. ಇನ್‌ಸ್ಟಾಗ್ರಾಂನಲ್ಲಿ ನೋಡಿಕೊಂಡೋ ಫೋನ್ ಮಾಡಿಯೋ ಹೊರಡೋದು ಒಳ್ಳೇದು. ಮುಟ್ಟುವ ಮುನ್ನ, ಫೋಟೊ ತೆಗೆಯುವ ಮುನ್ನ ಕೇಳಿದರೆ ಸಾಕು.

'ಇದೆಂಥಾ ಕಲೆ?' ಅನ್ನಿಸಿದರೆ

ಗೋಡೆ ಮೇಲೆ ದೇವರ ಪಟ, ಹಸಿರು ಗದ್ದೆಯ ಚಿತ್ರ ಇರುತ್ತೆ ಅಂದುಕೊಂಡು ಹೋದವರಿಗೆ ಮೊದಲು ಗಲಿಬಿಲಿ ಆಗೋದು ಸಹಜ. ನೆಲದ ಮೇಲೆ ಹಗ್ಗ ಬಿದ್ದಿರಬಹುದು, ಕತ್ತಲೆ ಕೋಣೆಯಲ್ಲಿ ವಿಡಿಯೊ ಓಡುತ್ತಿರಬಹುದು.

ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಅವರ ಕೆಲಸ ಇದಕ್ಕೆ ಒಳ್ಳೇ ಉದಾಹರಣೆ. ದೃಷ್ಟಿ ತಾಗದಿರಲಿ ಅಂತ ವಾಹನದ ಬಂಪರ್‌ಗೆ ಕೂದಲಿನ ಹಗ್ಗ ಕಟ್ಟೋದನ್ನ ರಸ್ತೆಯಲ್ಲಿ ಎಲ್ಲರೂ ನೋಡಿರುತ್ತಾರೆ. ದೇವಸ್ಥಾನದಲ್ಲಿ ಮುಡಿ ಕೊಟ್ಟ ಕೂದಲಿಂದ ಹೊಸೆದ ಅಂಥದ್ದೇ ಹಗ್ಗವನ್ನು ಸುಮಾರು 4 ಕಿಲೋಮೀಟರ್‌ನಷ್ಟು ಸೇರಿಸಿ, ಅದರಲ್ಲಿ ಕಾರಿನ ಬಂಪರ್‌ಗಳನ್ನು ತೂಗುಬಿಟ್ಟು ಅವರು 2009ರಲ್ಲಿ ಒಂದು ಕೃತಿ ಮಾಡಿದರು. ಈಗ ಅದು ಲಂಡನ್‌ನ ಟೇಟ್ ಸಂಗ್ರಹದಲ್ಲಿದೆ. ಸಗಣಿ, ಕುಂಕುಮ, ಡಾಂಬರಿನ ಡ್ರಮ್ಮು ಕೂಡ ಅವರ ಕೈಯಲ್ಲಿ ಕಲೆಯಾಗಿವೆ. ಇವೆಲ್ಲ ನಮ್ಮ ಬೀದಿಯ ಸಾಮಾನುಗಳೇ. ಅದನ್ನು ಓದೋಕೆ ಇಂಗ್ಲಿಷ್ ಬಂದವರಿಗಿಂತ ತಾಲ್ಲೂಕಿನವರಿಗೇ ಸುಲಭ.

2019ರಲ್ಲಿ ಬೆಂಗಳೂರಿನ ಗುಂಡಿ ಬಿದ್ದ ರಸ್ತೆಯಲ್ಲಿ ಗಗನಯಾತ್ರಿ ವೇಷದ ಮನುಷ್ಯ ಚಂದ್ರನ ಮೇಲೆ ನಡೆದಂತೆ ನಡೆದ ವಿಡಿಯೊ ವಾಟ್ಸಾಪ್‌ನಲ್ಲಿ ಎಲ್ಲರಿಗೂ ಬಂದಿತ್ತು. ಅದನ್ನು ಮಾಡಿದ್ದು ಮೈಸೂರಿನ ಕಲಾವಿದ ಬಾದಲ್ ನಂಜುಂಡಸ್ವಾಮಿ. ಆಗ ನಕ್ಕವರೆಲ್ಲ ಸಮಕಾಲೀನ ಕಲೆ ನೋಡಿ ಅರ್ಥ ಮಾಡಿಕೊಂಡವರೇ.

ಅರ್ಥ ಆಗದಿದ್ದರೆ ಏನು ಮಾಡೋದು? ಪಕ್ಕದಲ್ಲಿ ಅಂಟಿಸಿದ ಚೀಟಿ ಓದಬೇಕು. ಅದರಲ್ಲಿ ಹೆಸರು, ವರ್ಷ, ಯಾವುದರಿಂದ ಮಾಡಿದ್ದು ಅನ್ನೋದು ಇರುತ್ತೆ. ಚೀಟಿ ಇಂಗ್ಲಿಷ್‌ನಲ್ಲೇ ಇರೋದು ಹೆಚ್ಚು, ಅದೊಂದು ಕೊರತೆಯೇ. ಅಲ್ಲಿ ಕೂತವರನ್ನು 'ಇದನ್ನ ಹೇಗೆ ಮಾಡಿದ್ರಿ?' ಅಂತ ಕನ್ನಡದಲ್ಲೇ ಕೇಳಬಹುದು. ಎಷ್ಟೋ ಸಲ ಕಲಾವಿದರೇ ಕೂತಿರುತ್ತಾರೆ.

ವ್ಯಾಪಾರದ ಲೆಕ್ಕ

ಬೆಲೆ ಗೋಡೆ ಮೇಲೆ ಇರದಿದ್ದರೆ ಟೇಬಲ್ ಹತ್ತಿರ ಪಟ್ಟಿ ಕೇಳಬಹುದು. ಚೀಟಿ ಪಕ್ಕ ಕೆಂಪು ಚುಕ್ಕೆ ಇದ್ದರೆ ಮಾರಾಟ ಆಗಿದೆ ಅಂತ ಅರ್ಥ. ಮಾರಿದ ಹಣದಲ್ಲಿ ಗ್ಯಾಲರಿಯವರು ಕಮಿಷನ್ ಹಿಡಿಯುತ್ತಾರೆ. ಕೆಲವು ಕಡೆ ಅದು ಅರ್ಧದ ತನಕ ಹೋಗುತ್ತದೆ. ತಿಪಟೂರಿನಲ್ಲಿ ಕೊಬ್ಬರಿ ಮಾರಿದವರಿಗೆ ಕಮಿಷನ್ ಅಂದರೆ ಏನು ಅಂತ ಹೇಳಿಕೊಡಬೇಕಾಗಿಲ್ಲ. ಬಾಡಿಗೆ ಗ್ಯಾಲರಿಯಲ್ಲಾದರೆ ಕಲಾವಿದ ಮೊದಲೇ ಬಾಡಿಗೆ ಕಟ್ಟಿರುತ್ತಾನೆ, ಒಂದೂ ಮಾರಾಟ ಆಗದಿದ್ದರೆ ಅಷ್ಟೂ ನಷ್ಟ.

ಹಾಗಾಗಿಯೇ ಕಡಿಮೆ ಬಾಡಿಗೆಯ ಜಾಗ ಉಳಿಯೋದು ಮುಖ್ಯ. ಕಸ್ತೂರಬಾ ರಸ್ತೆಯ ಸರ್ಕಾರಿ ವೆಂಕಟಪ್ಪ ಚಿತ್ರಶಾಲೆಯನ್ನು ಖಾಸಗಿ ಪ್ರತಿಷ್ಠಾನಕ್ಕೆ ದತ್ತು ಕೊಡುವ ಯೋಜನೆ ಬಂದಾಗ, 2016ರಲ್ಲಿ ಕಲಾವಿದರು ಬೀದಿಗಿಳಿದು ವಿರೋಧಿಸಿದ್ದರು. ಊರಿಂದ ಬಂದ ಹುಡುಗ ಹುಡುಗಿಯರು ಮೊದಲ ಪ್ರದರ್ಶನ ಎಲ್ಲಿ ಮಾಡಬೇಕು ಅನ್ನೋದೇ ಅವರ ಪ್ರಶ್ನೆ ಆಗಿತ್ತು.

ಮನೆಯಲ್ಲಿ ಚಿತ್ರ ಬಿಡಿಸೋ ಮಕ್ಕಳಿದ್ದರೆ

ನೋಟ್‌ಬುಕ್ ಹಿಂದಿನ ಪುಟದಲ್ಲಿ ಸದಾ ಗೀಚುವ ಮಗು ಪ್ರತಿ ಬೀದಿಯಲ್ಲೂ ಒಂದಿರುತ್ತದೆ. 'ಇದರಿಂದ ಅನ್ನ ಹುಟ್ಟುತ್ತಾ?' ಅಂತ ಅಪ್ಪ ಅಮ್ಮ ಕೇಳೋದು ತಪ್ಪಲ್ಲ. ಫ್ಲೆಕ್ಸ್ ಬಂದ ಮೇಲೆ ಬೋರ್ಡ್ ಬರೆಯೋರು ಕುಂಚ ಕೆಳಗಿಟ್ಟಿದ್ದನ್ನು ತಾಲ್ಲೂಕಿನ ಜನ ಕಣ್ಣಾರೆ ಕಂಡಿದ್ದಾರೆ. ಆದರೆ ಆ ಪ್ರಶ್ನೆಗೆ ಉತ್ತರ ಕೊಡಬಲ್ಲವರು ಗ್ಯಾಲರಿಯಲ್ಲೇ ಸಿಗುತ್ತಾರೆ. ಎಲ್ಲಿ ಓದಿದ್ರಿ, ಜೀವನ ಹೇಗೆ ನಡೀತಿದೆ ಅಂತ ಕಲಾವಿದರನ್ನೇ ನೇರವಾಗಿ ಕೇಳಬಹುದು. ಪಿಯುಸಿ ನಂತರ ಬಿವಿಎ ಅನ್ನೋ ಪದವಿ ಇದೆ ಅನ್ನೋದು, ಮೈಸೂರಿನ ಕಾವಾ ಸರ್ಕಾರಿ ಕಾಲೇಜು ಅನ್ನೋದು ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ.

ಮುಂದಿನ ಸಲ ಚಿಕ್ಕಪೇಟೆಗೆ ಹೊರಟಾಗ ಮಗುವನ್ನೂ, ಅದರ ಡ್ರಾಯಿಂಗ್ ಪುಸ್ತಕವನ್ನೂ ಜೊತೆಗೆ ಕರೆದೊಯ್ಯಿರಿ. ಬಾಗಿಲ ಬಳಿ ಇಟ್ಟಿರುವ ಪುಸ್ತಕದಲ್ಲಿ ಅನಿಸಿಕೆ ಬರೆಯಲು ಹೇಳುತ್ತಾರೆ. ಅಲ್ಲಿ ಹೆಸರಿನ ಜೊತೆ ಊರಿನ ಹೆಸರನ್ನೂ ಕನ್ನಡದಲ್ಲೇ ಬರೆದು ಬನ್ನಿ.