ನೀರಿನ ದಡದ ಬಾಡಿಗೆ ಮನೆಯಲ್ಲಿ ನಾಲ್ಕು ತಲೆಮಾರು

ಗೃಹಸ್ಥರಾದವರು ಊರು ಬಿಟ್ಟು ಹೊರಡುವುದಕ್ಕೆ ಹಿಂದೆ ಕೆಲವೇ ಕಾರಣಗಳಿದ್ದುವು: ತೀರ್ಥಯಾತ್ರೆ, ಬಂಧುಗಳ ಮನೆಯ ಶುಭಕಾರ್ಯ, ನ್ಯಾಯಸ್ಥಾನದ ವ್ಯಾಜ್ಯ, ಔಷಧೋಪಚಾರ. ವಿಶ್ರಾಂತಿಗಾಗಿಯೇ ಪ್ರವಾಸ ಮಾಡುವುದು ನಮ್ಮ ಮಲೆನಾಡಿನ ಹಿರಿಯರು ಅರಿಯದ ವಿಷಯ. ಈಗಲಾದರೋ ಮಕ್ಕಳು ಒಬ್ಬೊಬ್ಬರು ಒಂದೊಂದು ಪಟ್ಟಣದಲ್ಲಿ ನೆಲಸಿರುವರು. ಅವಿಭಕ್ತ ಕುಟುಂಬವೆಂಬುದು ಹಬ್ಬಹರಿದಿನಗಳಲ್ಲಿ ಮಾತ್ರ ಕಾಣಸಿಗುವ ವಸ್ತುವಾಗಿದೆ. ಆದುದರಿಂದ ನೀರಿಗೆ ಅಭಿಮುಖವಾದ ವಸತಿಯೊಂದನ್ನು ಪಟ್ಟಣದಲ್ಲಿ ಕೆಲವು ದಿನಗಳ ಮಟ್ಟಿಗೆ ಬಾಡಿಗೆಗೆ ಹಿಡಿದು, ಮುತ್ತಜ್ಜಿಯಿಂದ ಮರಿಮಕ್ಕಳವರೆಗೆ ಎಲ್ಲರೂ ಒಂದೆಡೆ ಸೇರುವ ಪದ್ಧತಿಯು ಬಳಕೆಗೆ ಬರುತ್ತಿರುವುದು ಆಶ್ಚರ್ಯವಲ್ಲ. ಇದರ ಗುಣದೋಷಗಳನ್ನು ಸ್ವಾನುಭವದಿಂದ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕಳೆದ ವಿಜಯದಶಮಿಯ ತರುವಾಯ, ಘಟ್ಟದಲ್ಲಿ ಮಳೆ ಹಿಂಜರಿದು ಕಾಫಿಯ ಕೊಯ್ಲು ಇನ್ನೂ ಮೊದಲಾಗದಿದ್ದ ಕಾಲದಲ್ಲಿ, ಹೆತ್ತೂರಿನಿಂದ ನಾವೂ ಬೆಂಗಳೂರು ಮೈಸೂರುಗಳಿಂದ ಮಕ್ಕಳೂ ಸೇರಿ ಹನ್ನೊಂದು ಮಂದಿ ಮಂಗಳೂರಿನಲ್ಲಿ ಐದು ದಿನವಿದ್ದೆವು. ವಸತಿಯು ನೇತ್ರಾವತಿಯ ಅಳಿವೆ ಕಾಣುವ ಕಟ್ಟಡದ ಆರನೆಯ ಅಂತಸ್ತಿನಲ್ಲಿದ್ದಿತು.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗಿನ ಘಟ್ಟದ ರೈಲುಮಾರ್ಗದಲ್ಲಿ ೫೭ ಸುರಂಗಗಳಿವೆ. ಹಾಸನ-ಮಂಗಳೂರು ಮಾರ್ಗವು ಪೂರ್ಣವಾದುದು ೧೯೭೯ರಲ್ಲಿ. ಹಳಿಗಳ ಅಗಲವನ್ನು ಹೆಚ್ಚಿಸಿದ ಬಳಿಕ ೨೦೦೭ರ ಡಿಸೆಂಬರಿನಲ್ಲಿ ಪ್ರಯಾಣಿಕರ ಗಾಡಿಗಳು ಪುನಃ ಓಡತೊಡಗಿದುವು. ವೃದ್ಧರಿಗೆ ತಿರುವುಗಳ ರಸ್ತೆಗಿಂತ ಈ ಹಾದಿಯೇ ಸುಖಕರ. ಸುರಂಗಗಳನ್ನು ಎಣಿಸುವ ಕೆಲಸವು ಬಾಲಕರನ್ನು ಕಿಟಕಿಯ ಬಳಿಯಿಂದ ಏಳಗೊಡುವುದಿಲ್ಲ.

ಮಂಗಳೂರನ್ನೇ ಆರಿಸಿದುದಕ್ಕೆ ಒಂದು ಕಾರಣವುಂಟು. ನಮ್ಮ ಬಿಸಲೆಯ ಮಾರ್ಗದಲ್ಲಿ ಮಂಕನಹಳ್ಳಿಯ ಬಳಿ ನೀರು ಎರಡಾಗಿ ಹಂಚಿಹೋಗುವ ಏಣೊಂದಿದೆ. ಅದರ ಒಂದು ಪಕ್ಕಕ್ಕೆ ಬಿದ್ದ ಮಳೆಯು ಹೇಮಾವತಿಯನ್ನು ಸೇರಿ, ಕಾವೇರಿಯ ಮೂಲಕ ಪೂರ್ವಸಮುದ್ರಕ್ಕೆ ಹೋಗುವುದು. ಇನ್ನೊಂದು ಪಕ್ಕದ್ದು ಕುಮಾರಧಾರೆಯೊಡನೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ, ಮಂಗಳೂರಿನಲ್ಲಿ ಪಶ್ಚಿಮಸಮುದ್ರವನ್ನು ಸೇರುವುದು. ಮೊಗಸಾಲೆಯಲ್ಲಿ ಕುಳಿತು ಇದನ್ನು ಮೊಮ್ಮಕ್ಕಳಿಗೆ ವಿವರಿಸುತ್ತಿದ್ದಾಗ, ಎಂಬತ್ತನಾಲ್ಕು ವರ್ಷದ ನಮ್ಮ ಮಾತೃಶ್ರೀಯವರು, "ಹಾಗಾದರೆ ನಮ್ಮೂರ ಮಳೆ ನಮಗಿಂತ ಮೊದಲೇ ಇಲ್ಲಿಗೆ ಬಂದಿದೆ ಅನ್ನು" ಎಂದರು. ನೀರು ಹೀಗೆ ಇಳಿದುಬಂದರೆ, ಇಲ್ಲಿಯ ಮಣ್ಣು ಹಂಚಾಗಿ ನಮ್ಮ ಘಟ್ಟವನ್ನೇರಿತು. ಬಾಸೆಲ್ ಮಿಷನ್ನಿನವರು ೧೮೬೫ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ ಬಳಿಕ ಮಂಗಳೂರು ಹಂಚು ದೇಶದೇಶಗಳಿಗೆ ಹೋಯಿತು. ಮಲೆನಾಡಿನ ಹಳೆಯ ಮನೆಗಳ ಮಾಡುಗಳನ್ನು ಇಂದಿಗೂ ಅದು ಕಾಯುತ್ತಿದೆ.

ಇನ್ನು ಮುಖ್ಯವಾದ ಮಾತು. ಅತಿಥಿ ಎಂದರೆ ಬರುವುದಕ್ಕೆ ತಿಥಿಯ ನಿಯಮವಿಲ್ಲದವನೆಂದು ಪೂರ್ವಿಕರು ವಿವರಿಸಿರುವರು. ಬಾಡಿಗೆಯ ಮನೆಯಲ್ಲಿ ಎಲ್ಲರೂ ಅತಿಥಿಗಳೇ, ಆತಿಥೇಯರು ಯಾರು? ಈ ಪ್ರಶ್ನೆಗೆ ಮೊದಲೇ ಉತ್ತರ ಗೊತ್ತುಮಾಡದಿದ್ದರೆ, ಆ ಭಾರವು ಮೌನವಾಗಿ ಮನೆಯ ಹೆಂಗಸರ ಮೇಲೆ ಬೀಳುವುದು. ಮೊದಲನೆಯ ದಿನ ಹನ್ನೊಂದು ಮಂದಿಗೆ ಮೂರು ಹೊತ್ತಿನ ಅಡಿಗೆಯಾಯಿತು. ಗಂಡಸರೂ ಮಕ್ಕಳೂ ದೋಣಿಯಲ್ಲಿ ತಣ್ಣೀರುಬಾವಿಯ ಕಡೆಗೆ ದಾಟಿ ಮರಳುವವರೆಗೆ ಹೆಂಗಸರು ಒಲೆಯನ್ನು ಬಿಟ್ಟು ಏಳಲಿಲ್ಲ. ಸಾಯಂಕಾಲ ಮಾತೃಶ್ರೀಯವರೇ, "ಹೆತ್ತೂರಿನ ಒಲೆ ಬಿಟ್ಟು ಬಂದು ಇಲ್ಲೊಂದು ಒಲೆ ಹಿಡಿದ ಹಾಗಾಯಿತಲ್ಲ. ಈ ಹುಡುಗಿಯರು ಹೊಳೆ ನೋಡುವುದು ಯಾವಾಗ?" ಎಂದು ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. ಮರುದಿನದಿಂದ ಬೆಳಗಿನ ಕಾಫಿ ತಿಂಡಿಗಳು ಗಂಡುಮಕ್ಕಳ ಪಾಲಿಗೆ ಬಂದುವು. ಮಧ್ಯಾಹ್ನದ ಊಟವು ಹೋಟಲಿನಿಂದ ಬಂದಿತು. ರಾತ್ರಿಗೆ ಗಂಜಿ, ಉಪ್ಪಿನಕಾಯಿ, ಸುಟ್ಟ ಹಪ್ಪಳ ಸಾಕಾದುವು. ನಮ್ಮ ಗೃಹಿಣಿಯವರು ಆ ದಿನ ಸಮುದ್ರತೀರದಲ್ಲಿ ಎರಡು ಗಂಟೆಯ ಕಾಲ ಸುಮ್ಮನೆ ಕುಳಿತಿದ್ದರು. ನಲವತ್ತು ವರ್ಷಗಳ ದಾಂಪತ್ಯದಲ್ಲಿ ಅವರು ಹಾಗೆ ಕುಳಿತುದನ್ನು ನಾವು ಕಂಡಿರಲಿಲ್ಲ. ಮನೆಯ ಅರ್ಧದಷ್ಟು ಜನ ದುಡಿಯುತ್ತಲೇ ಇದ್ದರೆ ಅದು ಕುಟುಂಬದ ವಿಶ್ರಾಂತಿಯೆನಿಸಲಾರದು.

ಇಂತಹ ವಸತಿಯನ್ನು ಗೊತ್ತುಮಾಡುವವರು ಕೆಲವು ಸಂಗತಿಗಳನ್ನು ಮೊದಲೇ ವಿಚಾರಿಸತಕ್ಕದ್ದು. ವಿದ್ಯುಚ್ಛಕ್ತಿ ನಿಂತಾಗ ಲಿಫ್ಟು ನಡೆಯುವುದೇ? ನಾವಿದ್ದಲ್ಲಿ ಅದೊಮ್ಮೆ ನಿಂತುದರಿಂದ ಮಾತೃಶ್ರೀಯವರು ಕೆಳಗಡೆ ಮುಕ್ಕಾಲು ಗಂಟೆ ಕಾಯಬೇಕಾಯಿತು. ಮೊಣಕಾಲು ಮಡಿಸಲಾರದವರಿಗೆ ಕುಳಿತುಕೊಳ್ಳುವ ಶೌಚಾಲಯವಿದೆಯೇ? ಮೊಗಸಾಲೆಯ ಕಂಬಿಗಳ ಸಂದಿನಲ್ಲಿ ಮಗುವಿನ ತಲೆ ತೂರುವಂತಿದೆಯೇ? ಕಂಬಿಯ ಹತ್ತಿರ ಕುರ್ಚಿಯನ್ನಿಡಲೇ ಕೂಡದು. ಕರಾವಳಿಯ ಗಾಳಿಯಲ್ಲಿ ತೇವ ಹೆಚ್ಚಾದುದರಿಂದ ಒಗೆದ ಬಟ್ಟೆ ಬೇಗ ಆರುವುದಿಲ್ಲ. ಒಂದೆರಡು ಜೊತೆ ಹೆಚ್ಚಾಗಿ ಒಯ್ಯುವುದು ಮೇಲು. ಜೂನಿನಿಂದ ಸೆಪ್ಟೆಂಬರಿನವರೆಗೆ ಕಡಲು ಉಗ್ರವಾಗಿರುವುದು. ಆ ಕಾಲದಲ್ಲಿ ಮಕ್ಕಳನ್ನು ನೀರಿಗಿಳಿಸಬಾರದು. ಅಳಿವೆಯಲ್ಲಿಯಂತೂ ಭರತ ಇಳಿತಗಳ ಸೆಳೆತವಿರುವುದರಿಂದ ಯಾವ ಕಾಲದಲ್ಲಿಯೂ ಸ್ನಾನವು ಸಲ್ಲದು. ಖರ್ಚನ್ನು ಹೊರಡುವ ಮುನ್ನವೇ, ಅವರವರ ಸಂಪಾದನೆಯನ್ನು ನೋಡಿ ಹಂಚಿಕೊಂಡರೆ ಮನಸ್ತಾಪಕ್ಕೆ ಎಡೆಯಿರುವುದಿಲ್ಲ.

ಕೊನೆಯದಾಗಿ ಒಂದು ವಿಜ್ಞಾಪನೆ. ಬಾಡಿಗೆಯ ಮನೆಯು ಮುಂದಿನ ವರ್ಷವೂ ದೊರೆಯುವುದು, ಅಳಿವೆಯೂ ಅಲ್ಲಿಯೇ ಇರುವುದು. ಹಿರಿಯರ ಕಾಲಿನ ಬಲವು ಮಾತ್ರ ವರ್ಷಕ್ಕೆ ವರ್ಷಕ್ಕೆ ತಗ್ಗುತ್ತಿರುವುದು. ಅನುಕೂಲವುಳ್ಳವರು ಇದನ್ನು ಮುಂದಕ್ಕೆ ಹಾಕದೆ, ಮನೆಯ ಹಿರಿಯರು ಇನ್ನೊಬ್ಬರ ಕೈಹಿಡಿದಾದರೂ ನಡೆಯಬಲ್ಲವರಾಗಿರುವಾಗಲೇ ಹೊರಡಲಿ.