ಒಂದು ಗೋಡೆ, ಎರಡು ಶತಮಾನ

ಲಂಡನ್ನಿನ ಮೇಫೇರ್ ಪ್ರದೇಶದ ಬ್ರೂಕ್ ಬೀದಿಯಲ್ಲಿ 18ನೇ ಶತಮಾನದ ಎರಡು ಇಟ್ಟಿಗೆ ಮನೆಗಳು ಒಂದೇ ಗೋಡೆಯನ್ನು ಹಂಚಿಕೊಂಡು ನಿಂತಿವೆ. 25ನೇ ಸಂಖ್ಯೆಯ ಮನೆಯಲ್ಲಿ ಸಂಗೀತ ರಚನಕಾರ ಹ್ಯಾಂಡೆಲ್ 1723ರಿಂದ 1759ರಲ್ಲಿ ಕೊನೆಯುಸಿರೆಳೆಯುವವರೆಗೂ ಬಾಡಿಗೆಗಿದ್ದ. 1741ರಲ್ಲಿ ‘ಮೆಸ್ಸಾಯ’ ರೂಪುಗೊಂಡದ್ದು ಅಲ್ಲಿಯೇ. 23ನೇ ಸಂಖ್ಯೆಯ ಮನೆಯ ಮೇಲಂತಸ್ತಿನಲ್ಲಿ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ 1968-69ರಲ್ಲಿ ನೆಲೆಸಿದ್ದ.

ಈ ಮನೆಗಳ ಸೊಬಗನ್ನು ರೂಪಿಸಿದ್ದು ವಾಸ್ತುಶಿಲ್ಪಿಯ ಪ್ರತಿಭೆಗಿಂತ ಹೆಚ್ಚಾಗಿ ಬೆಂಕಿಯ ಭಯ ಎನ್ನಬೇಕು. 1666ರ ಮಹಾ ಅಗ್ನಿದುರಂತದ ಮರುವರ್ಷವೇ ಬಂದ ಕಾಯಿದೆ ಲಂಡನ್ ನಗರದ ಮನೆಗಳ ಹೊರಗೋಡೆಗೆ ಇಟ್ಟಿಗೆ ಅಥವಾ ಕಲ್ಲನ್ನೇ ಬಳಸಬೇಕೆಂದು ವಿಧಿಸಿತು. 1707ರ ಕಾಯಿದೆ ಮರದ ಸೂರಂಚನ್ನು ನಿಷೇಧಿಸಿದ್ದರಿಂದ ಮುಂಗೋಡೆ ಮಾಡಿನ ಅಂಚನ್ನು ಮರೆಮಾಡುವಂತೆ ಮೇಲೆದ್ದಿತು. 1709ರ ಕಾಯಿದೆಯಂತೆ ಕಿಟಕಿಯ ಚೌಕಟ್ಟು ಗೋಡೆಯ ಮುಖದಿಂದ ನಾಲ್ಕು ಅಂಗುಲ ಒಳಸರಿಯಿತು. ನಾವು ಇಂದು ಅಲಂಕಾರವೆಂದು ಮೆಚ್ಚುವ ನೆರಳಿನ ಗೆರೆ ವಾಸ್ತವವಾಗಿ ಕಾನೂನಿನ ಗೆರೆ.

ಒಳವಿನ್ಯಾಸವೂ ಸರಳ: ಬೀದಿಗೆ ಕಿರಿದಾದ ಮುಖ, ಒಂದು ಬದಿಯಲ್ಲಿ ಮೆಟ್ಟಿಲು, ಪ್ರತಿ ಅಂತಸ್ತಿನಲ್ಲೂ ಮುಂದೊಂದು ಹಿಂದೊಂದು ಕೋಣೆ. ಮೊದಲ ಮಹಡಿಯ ಮುಂಗೋಣೆಯಲ್ಲಿ ಹ್ಯಾಂಡೆಲ್ ಗಾಯಕರೊಡನೆ ಅಭ್ಯಾಸ ನಡೆಸುತ್ತಿದ್ದ. ಹಿಂಗೋಣೆಯಲ್ಲಿ ರಚನೆಗೆ ತೊಡಗುತ್ತಿದ್ದನೆಂದು ನಂಬಲಾಗಿದೆ.

ಮುಂದೆ ಈ ಕಟ್ಟಡಗಳಲ್ಲಿ ಅಂಗಡಿ, ಕಚೇರಿಗಳು ತುಂಬಿಕೊಂಡವು. 2001ರಲ್ಲಿ ಹ್ಯಾಂಡೆಲ್ ವಸ್ತುಸಂಗ್ರಹಾಲಯ ತೆರೆಯಿತು. ಅವನ ಮರಣಾನಂತರ ಸಿದ್ಧಪಡಿಸಿದ್ದ ಗೃಹವಸ್ತುಗಳ ಪಟ್ಟಿ ಕೋಣೆಗಳ ಮರುಸಜ್ಜಿಗೆ ಆಧಾರವಾಯಿತು. 2016ರಲ್ಲಿ ಹೆಂಡ್ರಿಕ್ಸನ ಕೋಣೆಯನ್ನು ಹಳೆಯ ಛಾಯಾಚಿತ್ರಗಳ ನೆರವಿನಿಂದ ಮರುಸೃಷ್ಟಿಸಲಾಯಿತು. 2023ರಲ್ಲಿ ಹ್ಯಾಂಡೆಲ್ ಮನೆಯ ನೆಲ ಅಂತಸ್ತು, ನೆಲಮಾಳಿಗೆಯ ಅಡುಗೆಮನೆಗಳೂ ಸೇರ್ಪಡೆಯಾದವು.

ಹೀಗೆ ಮರುಸೃಷ್ಟಿಸಿದ್ದು ಎಷ್ಟರಮಟ್ಟಿಗೆ ಅಸಲಿ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಹ್ಯಾಂಡೆಲನ ಕಾಲವನ್ನು ಮರಳಿ ತರುವಾಗ ನಡುವಿನ ವ್ಯಾಪಾರಿಗಳ ಕಾಲ ಅಳಿಸಿಹೋಯಿತೆಂಬುದೂ ನಿಜ. ಆದರೆ ಇಲ್ಲಿ ಕೈಗೊಂಡ ಒಂದು ನಿರ್ಧಾರವನ್ನು ನಾನು ಮನಸಾರೆ ಒಪ್ಪುತ್ತೇನೆ. ಪ್ರಾಚೀನತೆಯ ಹೆಸರಿನಲ್ಲಿ ಹೆಂಡ್ರಿಕ್ಸನ ಕೋಣೆಯನ್ನೂ 18ನೇ ಶತಮಾನಕ್ಕೆ ಮರಳಿಸಬಹುದಿತ್ತು. ಹಾಗೆ ಮಾಡಲಿಲ್ಲ. ಕೆಲವೇ ತಿಂಗಳ ವಾಸಕ್ಕೂ ಮೂವತ್ತಾರು ವರ್ಷಗಳ ವಾಸದ ಪಕ್ಕದಲ್ಲಿ ಸ್ಥಾನ ದೊರೆಯಿತು.

ಪರಂಪರೆಯೆಂದರೆ ಅರಮನೆ, ದೇಗುಲಗಳೆಂದೇ ಭಾವಿಸುವವರು ಈ ಜೋಡಿಮನೆಗಳನ್ನು ಗಮನಿಸಬೇಕು. ಕಾನೂನಿಗೆ ಅಂಜಿ ಕಟ್ಟಿದ ಸಾಧಾರಣ ಬಾಡಿಗೆ ಮನೆಯೂ ಇತಿಹಾಸದ ಮನೆಯಾಗಬಲ್ಲುದು. ಅದಕ್ಕೆ ಬೇಕಾದದ್ದು, ಯಾವ ಕಾಲ ಹೆಚ್ಚು ಶ್ರೇಷ್ಠವೆಂದು ತೀರ್ಪು ನೀಡುವ ಆತುರವನ್ನು ತುಸು ತಡೆಹಿಡಿಯುವ ವಿವೇಕ.